ಓಡುವ ಎಂಜಿನ್‌ನಿಂದ ಪ್ಲಗ್ ವೈರ್ ಕಿತ್ತು ನೋಡಬಹುದೇ?

‘ಕಾರು ಜರ್ಕ್ ಹೊಡೆಯುತ್ತಿದೆಯೇ? ಎಂಜಿನ್ ಓಡುತ್ತಿರುವಾಗಲೇ ಒಂದೊಂದಾಗಿ ಪ್ಲಗ್ ವೈರ್ ಕೀಳಿ. ಯಾವುದನ್ನು ಕಿತ್ತಾಗ ಸದ್ದು ಬದಲಾಗುವುದಿಲ್ಲವೋ, ದೋಷ ಅಲ್ಲೇ ಇದೆ!’ ಇಂಥ ಸಲಹೆ ನಿಮಗೂ ಬಂದಿರಬಹುದು.

ಇದು ಪೂರ್ತಿ ಸುಳ್ಳಲ್ಲ. ಅಂಬಾಸಿಡರ್, ಪದ್ಮಿನಿ ಕಾಲದಲ್ಲಿ ಮೆಕ್ಯಾನಿಕ್‌ಗಳು ಹೀಗೇ ಪತ್ತೆ ಹಚ್ಚುತ್ತಿದ್ದರು. ಆದರೆ ಇಂದಿನ ಪೆಟ್ರೋಲ್ ಕಾರಿನಲ್ಲಿ ಇದು ಅಪಾಯಕಾರಿ.

ಏಕೆ? ಇಗ್ನಿಷನ್ ಕಾಯಿಲ್ ಬ್ಯಾಟರಿಯ 12 ವೋಲ್ಟನ್ನು 20,000 ವೋಲ್ಟ್‌ಗೂ ಮೇಲೆ ಏರಿಸುತ್ತದೆ. ಶಾಕ್ ಹೊಡೆದ ರಭಸಕ್ಕೆ ಕೈ ತಿರುಗುವ ಬೆಲ್ಟ್‌ಗೆ ಸಿಕ್ಕಬಹುದು. ಪೇಸ್‌ಮೇಕರ್ ಇರುವವರಿಗಂತೂ ಜೀವಕ್ಕೇ ಕುತ್ತು. ಪ್ಲಗ್‌ಗೆ ಹರಿಯಲಾಗದ ವಿದ್ಯುತ್ ಕಾಯಿಲನ್ನೇ ಕೆಡಿಸಬಹುದು. ಉರಿಯದೆ ಹೊರಬಿದ್ದ ಪೆಟ್ರೋಲ್ ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್‌ನಲ್ಲಿ ಉರಿದು, ಆ ದುಬಾರಿ ಭಾಗವನ್ನೇ ಹಾಳು ಮಾಡಬಹುದು.

ಹಾಗಾದರೆ ಏನು ಮಾಡಬೇಕು?

ಚೆಕ್ ಎಂಜಿನ್ ದೀಪ ಮಿನುಗುತ್ತಿದ್ದರೆ ಸುರಕ್ಷಿತ ಜಾಗ ನೋಡಿ ಕಾರು ನಿಲ್ಲಿಸಿ. ಮೆಕ್ಯಾನಿಕ್ ಕರೆಸಿ, ಸ್ಕ್ಯಾನರ್ ಹಾಕಿಸಿ. ‘ಪಿ0302’ ಕೋಡ್ ಬಂದರೆ 2ನೇ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ ಎಂದರ್ಥ. ಪ್ರತಿ ಪ್ಲಗ್‌ಗೂ ಬೇರೆ ಕಾಯಿಲ್ ಇರುವ ಕಾರಾದರೆ, ಎಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆ 2 ಮತ್ತು 3ನೇ ಕಾಯಿಲ್‌ಗಳನ್ನು ಅದಲುಬದಲು ಮಾಡಿಸಿ. ಕೋಡ್ ‘ಪಿ0303’ ಆಯಿತೇ? ಕೆಟ್ಟಿರುವುದು ಕಾಯಿಲ್. ಬದಲಾಗಲಿಲ್ಲವೇ? ಮೊದಲು ಪ್ಲಗ್, ಆಮೇಲೆ ಇಂಜೆಕ್ಟರ್ ನೋಡಿಸಿ.

ಅಂದಹಾಗೆ, ಡೀಸೆಲ್ ಕಾರಿನಲ್ಲಿ ಸ್ಪಾರ್ಕ್ ಪ್ಲಗ್ ಇರುವುದೇ ಇಲ್ಲ. ಆ ಸಲಹೆ ಮತ್ತೆ ಬಂದರೆ, ಮುಂದೆ ಕಳಿಸುವ ಮುನ್ನ ಒಮ್ಮೆ ಯೋಚಿಸಿ.