ಟಸ್ಕೀಗಿ ಮರೆಯದವರ ಮುಂದೆ ಲಸಿಕೆ

ಅಮೆರಿಕದಲ್ಲಿ ಕೊರೊನಾ ಜನಸಂಖ್ಯೆಯ ಪ್ರಮಾಣದಲ್ಲಿ ಬಿಳಿಯರಿಗಿಂತ ಕಪ್ಪು ಜನರನ್ನೇ ಹೆಚ್ಚು ಬಲಿ ತೆಗೆದುಕೊಂಡಿತು. ಆದರೂ 2020ರ ಕೊನೆಗೆ ಲಸಿಕೆ ಬಂದಾಗ ಹಿಂಜರಿದವರು ಅವರಲ್ಲೇ ಹೆಚ್ಚು. ಇದನ್ನು ಅಜ್ಞಾನವೆಂದು ಹಳಿದವರು ಅಲಬಾಮಾ ರಾಜ್ಯದ ಟಸ್ಕೀಗಿಯಲ್ಲಿ ನಡೆದದ್ದನ್ನು ಒಮ್ಮೆ ತಿಳಿಯಬೇಕು.

1932ರಲ್ಲಿ ಅಮೆರಿಕ ಸರ್ಕಾರದ ಆರೋಗ್ಯ ಇಲಾಖೆ ಅಲ್ಲಿನ ಸುಮಾರು 600 ಕಪ್ಪು ಗಂಡಸರನ್ನು ಅಧ್ಯಯನಕ್ಕೆ ಆರಿಸಿಕೊಂಡಿತು. ಹೆಚ್ಚಿನವರು ಗೇಣಿ ರೈತರು. 399 ಮಂದಿಗೆ ಸಿಫಿಲಿಸ್ ಇತ್ತು. ಅವರಿಗೆ ಹೇಳಿದ್ದು ‘ಕೆಟ್ಟ ರಕ್ತ’ ಎಂದಷ್ಟೇ. ಉಚಿತ ತಪಾಸಣೆ, ಬಿಸಿ ಊಟ, ಸತ್ತರೆ ಮಣ್ಣಿನ ಖರ್ಚು ಎಂಬ ಆಸೆ ತೋರಿಸಿದರು. ವಿಶೇಷ ಉಚಿತ ಚಿಕಿತ್ಸೆಗೆ ಇದೇ ಕೊನೆಯ ಅವಕಾಶ ಎಂದು ಕಾಗದ ಬರೆದು ಕರೆಸಿ, ಬೆನ್ನಿಗೆ ಸೂಜಿ ಚುಚ್ಚಿ ಬೆನ್ನುಹುರಿಯ ದ್ರವ ತೆಗೆದರು. ಅದು ಚಿಕಿತ್ಸೆಯೇ ಆಗಿರಲಿಲ್ಲ. 1940ರ ದಶಕದ ಕೊನೆಗೆ ಈ ರೋಗದ ಮದ್ದಾದ ಪೆನಿಸಿಲಿನ್ ಎಲ್ಲೆಡೆ ಬಂದಾಗಲೂ ಇವರಿಗೆ ಕೊಡಲಿಲ್ಲ. ರೋಗ ಮೈಯನ್ನು ಹೇಗೆ ತಿನ್ನುತ್ತದೆಂದು ಬರೆದಿಡುತ್ತ ಹೋದರು, 1972ರಲ್ಲಿ ಪತ್ರಿಕೆಗಳು ಬಯಲಿಗೆಳೆಯುವ ತನಕ. ಅಧ್ಯಕ್ಷ ಕ್ಲಿಂಟನ್ ದೇಶದ ಪರವಾಗಿ ಕ್ಷಮೆ ಕೇಳಿದ್ದು 1997ರಲ್ಲಿ. ಅಷ್ಟರಲ್ಲಿ ಆ ಗಂಡಸರಲ್ಲಿ ಬದುಕಿ ಉಳಿದವರೇ ಬೆರಳೆಣಿಕೆ.

ಸರ್ಕಾರವೇ ಅವರಿಗೆ ರೋಗ ಚುಚ್ಚಿತು ಎಂಬ ಮಾತು ಇಂದಿಗೂ ಓಡಾಡುತ್ತದೆ. ಅದು ನಿಜವಲ್ಲ. ಇದ್ದ ಮದ್ದನ್ನು ಕೊಡದೆ ತಡೆಹಿಡಿದದ್ದೇ ಅಲ್ಲಿ ನಡೆದ ಘೋರ ಅನ್ಯಾಯ. 2021ರಲ್ಲಿ ಆ ಗಂಡಸರ ವಂಶದವರೇ ಲಸಿಕೆಯ ಪರ ಪ್ರಚಾರ ಚಿತ್ರಗಳಲ್ಲಿ ಮಾತಾಡಿದರು. ಹಿರಿಯರಿಗೆ ಸಿಗದೆ ಹೋದ ರಕ್ಷಣೆಯನ್ನು ನಾವಾಗಿಯೇ ಬಿಡಬಾರದು ಎಂಬುದು ಅವರ ಮಾತಿನ ಸಾರ. ಹಾಗೆ ಹೇಳುವ ಹಕ್ಕು ಅವರಿಗಿದ್ದಷ್ಟು ಇನ್ನಾರಿಗೂ ಇರಲಿಲ್ಲ.

ಫಿಲಡೆಲ್ಫಿಯಾದ ಮಕ್ಕಳ ಶಸ್ತ್ರವೈದ್ಯೆ ಆಲಾ ಸ್ಟ್ಯಾನ್‌ಫರ್ಡ್ ಮಾತಿಗಿಂತ ಕೆಲಸಕ್ಕೆ ಮೊದಲು ಇಳಿದವರು. ಕಪ್ಪು ಜನರಿಗೆ ಕೋವಿಡ್ ಪರೀಕ್ಷೆ ಸಿಗುವುದೇ ಕಷ್ಟವಾಗಿದ್ದ 2020ರ ಏಪ್ರಿಲ್‌ನಲ್ಲಿ ವ್ಯಾನು ಕಟ್ಟಿಕೊಂಡು ಬಡಾವಣೆಗಳಿಗೆ ಹೋದರು, ಚರ್ಚುಗಳ ಅಂಗಳದಲ್ಲಿ ಪರೀಕ್ಷೆ ಮಾಡಿದರು. ಮುಂದೆ ಲಸಿಕೆ ತಂದಾಗ ಜನರಿಗೆ ಅವರು ಅಪರಿಚಿತರಾಗಿರಲಿಲ್ಲ. 2021ರ ಫೆಬ್ರುವರಿಯ ಚಳಿಯಲ್ಲಿ ಅವರ ತಂಡ 24 ಗಂಟೆ ಬಿಡುವಿಲ್ಲದೆ ಲಸಿಕೆ ಹಾಕಿತು. ಸಾವಿರಾರು ಜನ ಸರದಿಯಲ್ಲಿ ನಿಂತರು. ಆನ್‌ಲೈನ್ ನೋಂದಣಿ ಗೊತ್ತಿಲ್ಲದವರು, ದೂರದ ಕೇಂದ್ರಕ್ಕೆ ಹೋಗಲಾಗದವರನ್ನೂ ‘ಹಿಂಜರಿಯುವವರು’ ಎಂದೇ ಲೆಕ್ಕ ಹಾಕಿದ್ದು ಎಷ್ಟು ತಪ್ಪೆಂದು ಆ ಸರದಿಯೇ ತೋರಿಸಿತು.

ಮುಂದಿನ ತಿಂಗಳುಗಳಲ್ಲಿ ಕಪ್ಪು, ಬಿಳಿ ಜನರ ನಡುವಿನ ಲಸಿಕೆಯ ಅಂತರ ಬಹಳಷ್ಟು ಕಿರಿದಾಯಿತು. ಅದರ ಶ್ರೇಯದಲ್ಲಿ ದೊಡ್ಡ ಪಾಲು ಇಂಥ ವೈದ್ಯರಿಗೆ, ಪಾದ್ರಿಗಳಿಗೆ, ಗಿರಾಕಿಗಳನ್ನು ಕೂರಿಸಿಕೊಂಡು ಲಸಿಕೆಯ ಮಾತು ತೆಗೆದ ಕ್ಷೌರಿಕರಿಗೆ ಸಲ್ಲಬೇಕು.