ಗೇಟಿಗೆ ಬೀಗ ಬೀಳುವ ಮುನ್ನ

ಕಾರ್ಖಾನೆಯ ಬಾಗಿಲು ಮುಚ್ಚುವುದು ಒಂದು ದಿನದಲ್ಲಾದರೂ, ಅದು ಮುಚ್ಚುವ ಹಂತಕ್ಕೆ ಬರಲು ವರ್ಷಗಳೇ ಹಿಡಿಯುತ್ತವೆ. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಇದಕ್ಕೆ ಉದಾಹರಣೆ. 1961ರಲ್ಲಿ ಜಯಚಾಮರಾಜ ಒಡೆಯರ್ ಉದ್ಘಾಟಿಸಿದ ಈ ಕಾರ್ಖಾನೆಯ ಜಾವಾ ಮತ್ತು ಯೆಜ್ಡಿ ಬೈಕುಗಳು ದೇಶದ ಉದ್ದಗಲಕ್ಕೂ ಓಡಿದವು. 1980ರ ದಶಕದ ಮಧ್ಯದಲ್ಲಿ ಜಪಾನಿ ತಂತ್ರಜ್ಞಾನದ 100 ಸಿಸಿ ಬೈಕುಗಳು ಬಂದವು. ಅವು ಕಡಿಮೆ ಪೆಟ್ರೋಲಿಗೆ ಹೆಚ್ಚು ದೂರ ಓಡುತ್ತಿದ್ದವು. ಆಮೇಲೆ ಹೊಗೆಯ ನಿಯಮಗಳು ಬಿಗಿಯಾಗಿ, ಟೂ-ಸ್ಟ್ರೋಕ್ ಎಂಜಿನ್‌ಗಳಿಗೆ ಉಳಿಗಾಲ ಕಡಿಮೆಯಾಯಿತು. 1996ರಲ್ಲಿ ಕಾರ್ಖಾನೆ ನಿಂತಿತು. ಹೊಸ ಬೈಕುಗಳ ಆಗಮನಕ್ಕೂ ಈ ನಿಲುಗಡೆಗೂ ನಡುವೆ ಸುಮಾರು ಹತ್ತು ವರ್ಷಗಳ ಅಂತರವಿತ್ತು. ಕಾರ್ಮಿಕನಿಗೆ ಸಿದ್ಧತೆಗೆಂದು ಸಿಗುವುದು ಇಂಥ ಕಾಲವೇ.

ಸಂಕಟದ ಸೂಚನೆಗಳು ಮೊದಲು ಕಾಣುವುದು ಶಾಪ್ ಫ್ಲೋರಿನಲ್ಲಿ. ಓಟಿ ನಿಲ್ಲುತ್ತದೆ, ಕಚ್ಚಾ ಸಾಮಗ್ರಿಯ ಲಾರಿ ಬರುವುದಿಲ್ಲ, ಮೂರು ಪಾಳಿ ಎರಡಾಗುತ್ತದೆ, ಸಂಬಳ ತಿಂಗಳ 7ನೇ ತಾರೀಖನ್ನು ದಾಟುತ್ತದೆ. ಎಲ್ಲಕ್ಕಿಂತ ಖಚಿತವಾದ ಸೂಚನೆ ಭವಿಷ್ಯ ನಿಧಿ. ಸಂಬಳದಲ್ಲಿ ಕಡಿತವಾದ ಪಿಎಫ್ ಹಣ ಪಾಸ್‌ಬುಕ್‌ನಲ್ಲಿ ಜಮೆಯಾಗಿಲ್ಲದಿದ್ದರೆ ಕಂಪನಿಯ ಕೈ ಖಾಲಿಯಾಗಿದೆ ಎಂದೇ ತಿಳಿಯಬಹುದು. ಕಾರ್ಮಿಕರಿಂದ ಕಡಿತ ಮಾಡಿದ ಹಣವನ್ನು ಕಟ್ಟದಿರುವುದು ನಂಬಿಕೆ ದ್ರೋಹದ ಅಪರಾಧ. ಈ ಬಗ್ಗೆ ದೂರನ್ನು ಭವಿಷ್ಯ ನಿಧಿ ಕಚೇರಿಗೆ ಕೂಡಲೇ ಲಿಖಿತವಾಗಿ ಕೊಡಬೇಕು.

ಇಲ್ಲಿ ಪದಗಳ ವ್ಯತ್ಯಾಸ ತಿಳಿದಿರುವುದು ಅಗತ್ಯ. ಜನ 'ಲೇ-ಆಫ್' ಎನ್ನುವುದು ಕೆಲಸದಿಂದ ತೆಗೆಯುವುದಕ್ಕೆ. ಕಾನೂನಿನಲ್ಲಿ ಲೇ-ಆಫ್ ಎಂದರೆ ಕೆಲಸ ಕೊಡಲಾಗದೆ ತಾತ್ಕಾಲಿಕವಾಗಿ ಕೂರಿಸುವುದು. 50 ಅಥವಾ ಹೆಚ್ಚು ಮಂದಿಯಿರುವ ಕಾರ್ಖಾನೆಯಲ್ಲಿ ವರ್ಷ ಪೂರೈಸಿದವರಿಗೆ ಆಗ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಅರ್ಧ ಸಿಗಬೇಕು. ಹೆಚ್ಚುವರಿ ಎಂದು ಕಾಯಂ ಆಗಿ ತೆಗೆದರೆ ಅದು ರಿಟ್ರೆಂಚ್‌ಮೆಂಟ್. ಅದಕ್ಕೆ ಮುಂಚಿತ ನೋಟಿಸ್ ಬೇಕು, ಸೇವೆಯ ಪ್ರತಿ ವರ್ಷಕ್ಕೆ 15 ದಿನಗಳ ಸಂಬಳದಂತೆ ಪರಿಹಾರವೂ ಬೇಕು. ಸಾಮಾನ್ಯವಾಗಿ ಕೊನೆಗೆ ಸೇರಿದವರನ್ನು ಮೊದಲು ತೆಗೆಯಬೇಕು. ದೊಡ್ಡ ಕಾರ್ಖಾನೆಗಳು ಸರ್ಕಾರದ ಅನುಮತಿಯನ್ನೂ ಪಡೆಯಬೇಕು. ಹಿಂದೆ 100 ಕಾರ್ಮಿಕರಿದ್ದರೂ ಈ ಅನುಮತಿ ಬೇಕಿತ್ತು. 2025ರ ನವೆಂಬರ್ 21ರಂದು ಜಾರಿಯಾದ ಕೈಗಾರಿಕಾ ಸಂಬಂಧಗಳ ಸಂಹಿತೆ ಆ ಮಿತಿಯನ್ನು 300ಕ್ಕೆ ಏರಿಸಿದೆ. ಮಧ್ಯಮ ಗಾತ್ರದ ಕಾರ್ಖಾನೆಗಳಲ್ಲಿ ದುಡಿಯುವವರು ಇದರಿಂದ ಒಂದು ದೊಡ್ಡ ಆಸರೆಯನ್ನೇ ಕಳೆದುಕೊಂಡಿದ್ದಾರೆ.

ಬಹಳ ಜನ ಎಡವುವುದು ರಾಜೀನಾಮೆಯಲ್ಲಿ. 'ನೀವೇ ಬರೆದುಕೊಟ್ಟರೆ ಲೆಕ್ಕ ಬೇಗ ಚುಕ್ತಾ ಮಾಡುತ್ತೇವೆ' ಎಂಬ ಮಾತಿಗೆ ಸಹಿ ಹಾಕಿದರೆ ರಿಟ್ರೆಂಚ್‌ಮೆಂಟ್ ಪರಿಹಾರ ಕೈಬಿಟ್ಟಂತೆ. ಸ್ವಯಂ ನಿವೃತ್ತಿ ಪಡೆದವರಿಗೆ ಇಎಸ್‌ಐನ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆಯ ನಿರುದ್ಯೋಗ ಭತ್ಯೆಯೂ ದೊರೆಯದು. ಸ್ವಯಂ ನಿವೃತ್ತಿಯ (ವಿಆರ್‌ಎಸ್) ಮೊತ್ತ ಈ ಎರಡನ್ನೂ ಮೀರಿಸುತ್ತದೆಯೇ ಎಂದು ಲೆಕ್ಕ ಹಾಕಿಯೇ ತೀರ್ಮಾನಿಸಬೇಕು. ಐದು ವರ್ಷ ದುಡಿದ ಕಾಯಂ ಕಾರ್ಮಿಕನಿಗೆ ಗ್ರ್ಯಾಚುಯಿಟಿ ಮಾತ್ರ ರಾಜೀನಾಮೆ ಕೊಟ್ಟರೂ ಸಲ್ಲುತ್ತದೆ. ಕೊನೆಯ ವೇತನ 26,000 ರೂಪಾಯಿ, ಸೇವೆ 20 ವರ್ಷ ಆಗಿದ್ದರೆ ಆ ಮೊತ್ತ 3 ಲಕ್ಷ ರೂಪಾಯಿ.

ಮನೆಯೊಳಗೆ ಸುದ್ದಿ ಮುಚ್ಚಿಡುವುದರಿಂದ ಹಾನಿಯೇ ಹೆಚ್ಚು. ಹೆಂಡತಿ ಮಕ್ಕಳಿಗೆ ತಿಳಿದಿದ್ದರೆ ಹೊಸ ಚೀಟಿ, ಹೊಸ ಕಂತು, ಮನೆಗೆ ಮೇಲಂತಸ್ತು ಮುಂತಾದವನ್ನು ಎಲ್ಲರೂ ಸೇರಿ ಮುಂದಕ್ಕೆ ಹಾಕಬಹುದು. ಬ್ಯಾಂಕಿನೊಡನೆ ಕಂತು ಹೊಂದಿಸುವ ಮಾತನ್ನು ಕೂಡ ಸಂಬಳ ಬರುತ್ತಿರುವಾಗಲೇ ಆಡುವುದು ಸುಲಭ.

ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋದರೆ ಹಾದಿ ಉದ್ದವಾಗುತ್ತದೆ. ಮೈಸೂರಿನ ಕೆಆರ್‌ಎಸ್ ರಸ್ತೆಯ ಫಾಲ್ಕನ್ ಟೈರ್ಸ್ 2010ರ ದಶಕದ ಮಧ್ಯದಲ್ಲಿ ಉತ್ಪಾದನೆ ನಿಲ್ಲಿಸಿದಾಗ ಅಲ್ಲಿನ ಕಾರ್ಮಿಕರು ಬಾಕಿ ಹಣಕ್ಕಾಗಿ ಬೀದಿಗಿಳಿಯಬೇಕಾಯಿತು. 2016ರ ದಿವಾಳಿ ಸಂಹಿತೆಯ ಪ್ರಕಾರ ಆಸ್ತಿ ಮಾರಿ ಬಂದ ಹಣದಲ್ಲಿ ಕಾರ್ಮಿಕರ ಕೊನೆಯ 24 ತಿಂಗಳ ಬಾಕಿಗೆ, ಅಡಮಾನವಿಟ್ಟುಕೊಂಡ ಬ್ಯಾಂಕುಗಳಿಗೆ ಸರಿಸಮನಾದ ಸ್ಥಾನವಿದೆ. ಪಿಎಫ್ ಮತ್ತು ಗ್ರ್ಯಾಚುಯಿಟಿ ನಿಧಿಗಳ ಹಣ ಮಾರಾಟದ ಆಸ್ತಿಗೆ ಸೇರುವುದೇ ಇಲ್ಲ. ಆದರೆ ಬಾಕಿಯನ್ನು ಕೇಳಿ ಅರ್ಜಿ ಸಲ್ಲಿಸಬೇಕು. ಕಾರ್ಮಿಕರ ಅಧಿಕೃತ ಪ್ರತಿನಿಧಿಯೊಬ್ಬರು ಎಲ್ಲರ ಪರವಾಗಿಯೂ ಸಲ್ಲಿಸಬಹುದು. ನೇಮಕಾತಿ ಪತ್ರ, ಸಂಬಳ ಚೀಟಿ, ಹಾಜರಾತಿಯ ದಾಖಲೆಗಳೇ ಆಗ ಪುರಾವೆ. ಕಚೇರಿಗೆ ಬೀಗ ಬಿದ್ದ ಮೇಲೆ ಅವು ಸಿಗುವುದು ಕಷ್ಟವಾದ್ದರಿಂದ ಪ್ರತಿಗಳು ಮೊದಲೇ ಮನೆಯಲ್ಲಿರಬೇಕು. ವಕೀಲರ ಶುಲ್ಕ ಭರಿಸಲಾಗದವರಿಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ. 1987ರ ಕಾಯ್ದೆಯು ಕೈಗಾರಿಕಾ ಕಾರ್ಮಿಕರಿಗೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿನ ಹಕ್ಕು ಕೊಟ್ಟಿದೆ.