ಡೌನ್‌ಹಿಲ್ ತಿರುವಿನ ದಿಬ್ಬದ ಮೇಲೆ

ಲೈಮ್ ರಾಕ್ ಪಾರ್ಕಿನಲ್ಲಿ ಗ್ಯಾಲರಿಗಳಿಲ್ಲ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ವಾಯವ್ಯ ಮೂಲೆಯಲ್ಲಿ, ಗುಡ್ಡಗಳ ನಡುವಿನ ತಗ್ಗಿನಲ್ಲಿ ಸುತ್ತಿಕೊಂಡು ಮಲಗಿರುವ ಈ ರೇಸ್ ಟ್ರ್ಯಾಕನ್ನು ನೋಡಬೇಕಾದರೆ ಹುಲ್ಲಿನ ದಿಬ್ಬದ ಮೇಲೆ ಜಮಖಾನ ಹಾಸಿಕೊಂಡೋ, ಮಡಚುವ ಕುರ್ಚಿ ಬಿಡಿಸಿಕೊಂಡೋ ಕೂರಬೇಕು. ಟ್ರ್ಯಾಕು ಶುರುವಾದದ್ದು 1957ರಲ್ಲಿ. ಪಕ್ಕದಲ್ಲೇ ಹಳೆಯ ಚರ್ಚು, ಅದರಾಚೆ ಮನೆಗಳು. ಊರವರ ನೆಮ್ಮದಿಗಾಗಿ ಭಾನುವಾರ ಇಲ್ಲಿ ರೇಸ್ ಕೂಡದೆಂದು 1959ರಲ್ಲೇ ಕೋರ್ಟು ಆದೇಶಿಸಿದೆ. ಹಾಗಾಗಿ ವಾರದಲ್ಲಿ ಶನಿವಾರವೇ ದೊಡ್ಡ ದಿನ.

ಒಂದು ಸುತ್ತಿಗೆ ಸುಮಾರು ಎರಡೂವರೆ ಕಿಲೋಮೀಟರು, ಏಳು ತಿರುವು. ಏಳರಲ್ಲಿ ಎಡಕ್ಕೆ ತಿರುಗುವುದು ಒಂದೇ ಒಂದು, ಉಳಿದದ್ದೆಲ್ಲ ಬಲಕ್ಕೆ. ಬೆಳಿಗ್ಗೆ ಏಳಕ್ಕೆಲ್ಲ ಪ್ಯಾಡಕ್ ತುಂಬಿರುತ್ತದೆ. ಪೆಟ್ರೋಲು, ಬಿಸಿ ರಬ್ಬರು, ಯಾರದೋ ಸ್ಟವ್ ಮೇಲೆ ಕುದಿಯುವ ಕಾಫಿ ಎಲ್ಲ ಸೇರಿದ ವಾಸನೆ. ಹಲ್ಲಿನ ಡಾಕ್ಟರು, ಸಾಫ್ಟ್‌ವೇರಿನವರು, ಗ್ಯಾರೇಜ್ ಮೆಕ್ಯಾನಿಕ್ಕು, ನಿವೃತ್ತ ಅಗ್ನಿಶಾಮಕ ದಳದವರು, ಎಲ್ಲರೂ ಸ್ವಂತ ದುಡ್ಡಿನಲ್ಲಿ ಕಾರು ಓಡಿಸಲು ಬಂದವರು. ಗೆದ್ದವರಿಗೆ ಬಹುಮಾನದ ಹಣವಿಲ್ಲ. ಚೌಕುಳಿ ಬಾವುಟವನ್ನು ಕಿಟಕಿಯಿಂದ ಹೊರಗೆ ಹಿಡಿದು ಒಂದು ಸುತ್ತು ನಿಧಾನವಾಗಿ ಬರುವ ಭಾಗ್ಯವಷ್ಟೆ. ಆ ಒಂದು ಸುತ್ತಿಗಾಗಿ ವರ್ಷಗಟ್ಟಲೆ ರಜೆ, ಉಳಿತಾಯ ಎರಡನ್ನೂ ಸುರಿಯುವವರು ಇಲ್ಲಿದ್ದಾರೆ. ನನಗೆ ಅವರ ಬಗ್ಗೆ ಬಹಳ ಗೌರವ.

ಮೂಡುಬಿದಿರೆಯ ನನ್ನ ಗೆಳೆಯ ಅಂಥವರಲ್ಲಿ ಒಬ್ಬ. ಹಾರ್ಟ್‌ಫರ್ಡಿನಲ್ಲಿ ಕೆಲಸ, ಮನೆಯ ಗ್ಯಾರೇಜಿನಲ್ಲಿ ಕೆಂಪು ಮಿಯಾಟಾ. ಮಾಜ್ಡಾ ಕಂಪನಿ 1989ರಲ್ಲಿ ಹೊರತಂದ, ಇಬ್ಬರಷ್ಟೇ ಕೂರುವ, ಮೇಲ್ಚಾವಣಿ ಮಡಚುವ ಆ ಪುಟ್ಟ ಕಾರು. ಮೊದಲ ಮಾದರಿಗೆ 1.6 ಲೀಟರಿನ ಎಂಜಿನ್, 116 ಅಶ್ವಶಕ್ತಿ, ಒಂದು ಟನ್ನಿಗಿಂತ ಕಡಿಮೆ ತೂಕ. ಅವನು ಟೈರಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಗಾಳಿಯ ಒತ್ತಡ ನೋಡುತ್ತಿದ್ದ. ಅಂಕಿಯನ್ನು ಸೀಮೆಸುಣ್ಣದಿಂದ ಟೈರಿನ ಮೈಮೇಲೆಯೇ ಬರೆದುಕೊಂಡ. ನಾನು ಎಲ್ಲಿ ನಿಂತು ನೋಡಲಿ ಎಂದೆ.

“ಸ್ಟ್ರೇಟ್‌ನಲ್ಲಿ ನಿಲ್ಲಬೇಡ ಮಾರಾಯ. ಅಲ್ಲಿ ಕಾರು ಮಾತ್ರ ಕಾಣ್ತದೆ. ಡೌನ್‌ಹಿಲ್‌ಗೆ ಹೋಗು.”

ಡೌನ್‌ಹಿಲ್ ಕೊನೆಯ ತಿರುವು. ಹೆಸರೇ ಹೇಳುವಂತೆ ಇಳಿಜಾರು. ವೆಸ್ಟ್ ಬೆಂಡ್ ಎಂಬ ವೇಗದ ತಿರುವು ದಾಟಿ, ಸೇತುವೆಯ ಕೆಳಗೆ ನುಗ್ಗಿದ ಕಾರು ಇದ್ದಕ್ಕಿದ್ದಂತೆ ಕೆಳಕ್ಕೆ ಬೀಳುತ್ತಲೇ ಬಲಕ್ಕೆ ಹೊರಳಬೇಕು. ಇಳಿಯುವಾಗ ಕಾರು ಹಗುರಾಗಿ, ಟೈರು ನೆಲ ಬಿಟ್ಟೇಬಿಡುವುದೇನೋ ಎನ್ನಿಸುತ್ತದೆ. ಇಳಿಜಾರಿನ ಬುಡ ತಲುಪಿದೊಡನೆ ಇಡೀ ಕಾರು ನೆಲಕ್ಕೆ ಒತ್ತಿಕೊಂಡು, ಎಲ್ಲಿಲ್ಲದ ಹಿಡಿತ ಸಿಗುತ್ತದೆ. ಬುಡದಲ್ಲಿ ಹಿಡಿತ ಸಿಕ್ಕೇ ಸಿಗುತ್ತದೆಂದು ನಂಬಿ, ಅದಿನ್ನೂ ಸಿಗದ ಕ್ಷಣದಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆಯದೆ ಇರಬೇಕು. ಹೆದರಿ ಕಾಲೆತ್ತಿದರೆ ಭಾರ ಮುಂದಿನ ಚಕ್ರಗಳಿಗೆ ಜಾರುತ್ತದೆ, ಹಿಂದಿನವು ಸಡಿಲಾಗುತ್ತವೆ, ಕಾರಿನ ಬಾಲ ಹೊರಕ್ಕೆ ತಿರುಗುತ್ತದೆ. ಅಲ್ಲಿಂದ ಮುಂದೆ ಇಡೀ ಟ್ರ್ಯಾಕಿನ ಅತಿ ಉದ್ದದ ನೇರ ದಾರಿ. ಡೌನ್‌ಹಿಲ್ಲಿನಿಂದ ಹೊರಬೀಳುವಾಗ ಗಂಟೆಗೆ ಐದು ಕಿಲೋಮೀಟರು ವೇಗ ಹೆಚ್ಚಿದ್ದರೆ ಆ ಲಾಭ ಮುಂದಿನ ತಿರುವಿನವರೆಗೂ ಜೊತೆಗಿರುತ್ತದೆ.

ಬೆಳಗಿನ ಅಭ್ಯಾಸದಲ್ಲಿ ಗುಂಪು ಮಾಡುವುದು ಕಾರಿನ ಶಕ್ತಿ ನೋಡಿ ಅಲ್ಲ, ಓಡಿಸುವವರ ಅನುಭವ ನೋಡಿ. ಆದ್ದರಿಂದಲೇ 116 ಅಶ್ವಶಕ್ತಿಯ ಮಿಯಾಟಾದ ಹಿಂದೆಮುಂದೆ 500 ಅಶ್ವಶಕ್ತಿಯ ಪೋರ್ಷೆ 911 ಜಿಟಿ3 ಇರುವುದು ಸಾಮಾನ್ಯ. ಅಂದೂ ಇತ್ತು. ಬೂದು ಬಣ್ಣದ ಪೋರ್ಷೆ ಸ್ಟ್ರೇಟ್‌ನಲ್ಲಿ ಹೊರಟರೆ ಎದೆಯ ಗೂಡೇ ನಡುಗುವ ಸದ್ದು. ಹಿಂದಿನ ಹಸಿರು ಮಿಯಾಟಾ ನಿಂತೇಬಿಟ್ಟಿತೇನೋ ಎಂಬಷ್ಟು ಅಂತರ. ಆದರೆ ಮೊದಲ ತಿರುವಾದ ಬಿಗ್ ಬೆಂಡಿಗೆ ಬಹಳ ಮುಂಚೆಯೇ ಪೋರ್ಷೆಯ ಬ್ರೇಕ್ ದೀಪ ಹತ್ತಿತು. ಎಡತಿರುವಿಗೆ ಬರುವಷ್ಟರಲ್ಲಿ ಹಸಿರು ಕಾರು ಅದರ ಬಂಪರಿಗೆ ಮೂಗು ತಾಗಿಸಿತ್ತು. ಮತ್ತೆ ನೇರ ದಾರಿ, ಪೋರ್ಷೆ ಮಾಯ. ಅಪ್‌ಹಿಲ್ಲಿನಲ್ಲಿ ಮತ್ತೆ ಮೂಗು. ನನ್ನ ಮುಂದೆ ಡೌನ್‌ಹಿಲ್ ಇಳಿಯುವಾಗ ಪೋರ್ಷೆಯ ಸದ್ದು ನಡುವೆ ತುಂಡಾಯಿತು: ಚಾಲಕ ಕಾಲೆತ್ತಿದ್ದ. ಹಸಿರು ಕಾರಿನ ಸದ್ದು ಒಂದೇ ಎಳೆಯಾಗಿ ಬಂತು.

ಎರಡು ಸುತ್ತಾದ ಮೇಲೆ ಪೋರ್ಷೆಯ ಕಿಟಕಿಯಿಂದ ಕೈ ಹೊರಬಂತು. ಮುಂದೆ ಹೋಗು ಎಂಬ ಸನ್ನೆ. ಬರೀ ಕೈ ತೋರಿಸಿದರೆ ಸಾಲದು, ನೇರ ದಾರಿಯಲ್ಲಿ ವೇಗವನ್ನೂ ಇಳಿಸಬೇಕು, ಇಲ್ಲದಿದ್ದರೆ 116 ಅಶ್ವಶಕ್ತಿಯಲ್ಲಿ ಅದನ್ನು ದಾಟುವುದಾದರೂ ಹೇಗೆ? ಪೋರ್ಷೆಯ ಒಡೆಯ ಅದನ್ನೂ ಮಾಡಿದ. ಅಷ್ಟು ದುಬಾರಿ ಕಾರಿನೊಳಗೆ ಕೂತು ಹಳೆಯ ಮಿಯಾಟಾಗೆ ದಾರಿ ಬಿಡಲು ದೊಡ್ಡ ಮನಸ್ಸು ಬೇಕು. ಅವನು ಕಲಿಯುತ್ತಿದ್ದ. ಕಷ್ಟವೆಂದರೆ, ಅವನ ಕಾರು ಅವನಿಗೆ ಸರಿಯಾಗಿ ಕಲಿಸುತ್ತಿರಲಿಲ್ಲ. ತಿರುವಿನಲ್ಲಿ ಮಾಡಿದ ತಪ್ಪನ್ನು 500 ಅಶ್ವಶಕ್ತಿ ನಾಲ್ಕು ಸೆಕೆಂಡಿನಲ್ಲಿ ಮುಚ್ಚಿಬಿಡುತ್ತದೆ. ಮಿಯಾಟಾದಲ್ಲಿ ತಿರುವಿನಲ್ಲಿ ಕಳೆದುಕೊಂಡ ವೇಗ ನೇರ ದಾರಿ ಮುಗಿಯುವವರೆಗೂ ಕೈಗೆ ಸಿಗುವುದಿಲ್ಲ. ಮಾಡಿದ ತಪ್ಪನ್ನು ಪ್ರತಿ ಸುತ್ತಿನಲ್ಲೂ ಕಣ್ಣೆದುರು ಹಿಡಿಯುವ ಕಾರಿನಲ್ಲಿ ಕಲಿತವರು ಗಟ್ಟಿಗರಾಗುತ್ತಾರೆ.

ಹಾಗಾದರೆ ಗೆಲ್ಲುವುದು ಚಾಲಕನೋ ಕಾರೋ? ಗೆಳೆಯನಿಗೆ ನೆನಪಾಗುವುದು ಊರಿನ ಕಂಬಳ. “ಕೋಣ ಒಳ್ಳೇದೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಅದೇ ಜೋಡಿಗೆ ಓಡಿಸುವವ ಬದಲಾದ್ರೆ ಗದ್ದೆಯ ಹೊತ್ತು ಬದಲಾಗ್ತದಲ್ಲ?” ನಿಜ. ನಾನು ಇದಕ್ಕೆ ಇನ್ನೊಂದು ಮಾತು ಸೇರಿಸುತ್ತೇನೆ: ಉತ್ತರ ಟ್ರ್ಯಾಕಿನ ಯಾವ ಜಾಗದಲ್ಲಿ ನಿಂತು ಕೇಳುತ್ತೀರಿ ಎನ್ನುವುದರ ಮೇಲಿದೆ. ಇದಕ್ಕೆ ಲೈಮ್ ರಾಕಿಗಿಂತ ಒಳ್ಳೆಯ ಸಾಕ್ಷಿ ಇಲ್ಲ.

1959ರ ಬೇಸಿಗೆ. ಆ ವರ್ಷ ಇಂಡಿಯಾನಾಪೊಲಿಸ್ 500 ಗೆದ್ದಿದ್ದ ರಾಜರ್ ವಾರ್ಡ್ ಇಲ್ಲಿಗೊಂದು ‘ಮಿಡ್ಜೆಟ್’ ತಂದ. ಮಣ್ಣಿನ ಅಂಡಾಕಾರದ ಟ್ರ್ಯಾಕುಗಳಲ್ಲಿ ಓಡಿಸುವ, ಆಫೆನ್‌ಹೌಸರ್ ಎಂಜಿನ್ನಿನ ಕುಳ್ಳ ಕಾರು. ಎದುರಿಗಿದ್ದವು ಮಾಸೆರಾಟಿ 250ಎಫ್, ಆಸ್ಟನ್ ಮಾರ್ಟಿನ್‌ನಂಥ ಯುರೋಪಿನ ಹೆಸರಾಂತ ಯಂತ್ರಗಳು. ವಾರ್ಡ್ ಅವನ್ನೆಲ್ಲ ಹಿಂದೆ ಹಾಕಿ ಗೆದ್ದ. ಹಗುರ ಕಾರು, ತಿರುವಿನಿಂದ ಚಿಮ್ಮುವ ಎಂಜಿನ್, ಜಾರುವ ಕಾರನ್ನು ಅಂಕೆಯಲ್ಲಿಟ್ಟುಕೊಳ್ಳುವುದರಲ್ಲಿ ಪಳಗಿದ ಕೈ, ಮೂರಕ್ಕೂ ಈ ಚಿಕ್ಕ ಟ್ರ್ಯಾಕು ಹೇಳಿ ಮಾಡಿಸಿದಂತಿತ್ತು.

ಆ ಗೆಲುವಿನ ಭರವಸೆಯಲ್ಲಿ ವಾರ್ಡ್ ಅದೇ ಡಿಸೆಂಬರಿನಲ್ಲಿ ಮಿಡ್ಜೆಟ್ಟಿನಲ್ಲೇ ಫ್ಲಾರಿಡಾದ ಸೀಬ್ರಿಂಗಿಗೆ ಹೋದ. ಅಲ್ಲಿದ್ದದ್ದು ಫಾರ್ಮುಲಾ 1ರ ಅಮೆರಿಕನ್ ಗ್ರ್ಯಾನ್ ಪ್ರಿ. ಹಳೆಯ ವಿಮಾನ ನಿಲ್ದಾಣದ ಉದ್ದುದ್ದ ನೇರ ದಾರಿಗಳ ಎಂಟು ಕಿಲೋಮೀಟರಿಗೂ ಮಿಕ್ಕಿದ ಸುತ್ತು. ಸ್ಟರ್ಲಿಂಗ್ ಮಾಸ್ ಮೂರು ನಿಮಿಷದಲ್ಲಿ ಮುಗಿಸಿದ ಸುತ್ತಿಗೆ ವಾರ್ಡ್ ತೆಗೆದುಕೊಂಡದ್ದು ಸುಮಾರು 3 ನಿಮಿಷ 44 ಸೆಕೆಂಡ್. ಎಲ್ಲರಿಗಿಂತ ಕೊನೆ. ರೇಸನ್ನು ಮುಗಿಸಲೂ ಆಗಲಿಲ್ಲ. ಐದು ತಿಂಗಳಲ್ಲಿ ವಾರ್ಡನ ಕೈ ಕೆಟ್ಟಿರಲಿಲ್ಲ. ನೇರ ದಾರಿ ಉದ್ದವಾದಷ್ಟೂ ಎಂಜಿನ್ ಮಾತಾಡುತ್ತದೆ. ತಿರುವು ಹೆಚ್ಚಾದಷ್ಟೂ ಚಾಲಕ.

ಎಂಜಿನ್ನಿನ ಬಾಯಿ ಕಟ್ಟಿ ಚಾಲಕರನ್ನಷ್ಟೇ ಅಳೆಯೋಣ ಎಂಬ ಯೋಚನೆಯಿಂದ ಹುಟ್ಟಿದ್ದು ‘ಸ್ಪೆಕ್ ಮಿಯಾಟಾ’. 1990ರ ದಶಕದ ಕೊನೆಯಲ್ಲಿ ಅಮೆರಿಕದ ಕ್ಲಬ್ಬುಗಳಲ್ಲಿ ಶುರುವಾಗಿ ಬಲುಬೇಗ ಹಬ್ಬಿತು. ಎಲ್ಲರಿಗೂ ಒಂದೇ ಸ್ಪ್ರಿಂಗು, ಒಂದೇ ಶಾಕ್ ಅಬ್ಸಾರ್ಬರು, ಒಂದೇ ಟೈರು. ಹಳೆಯ 1.6 ಲೀಟರಿನ ಕಾರೂ ಆಮೇಲಿನ 1.8 ಲೀಟರಿನ ಕಾರೂ ಸರಿಸಮ ಓಡಲೆಂದು ಬೇರೆಬೇರೆ ತೂಕ, ಎಂಜಿನ್ನಿಗೆ ಹೋಗುವ ಗಾಳಿಯನ್ನು ತಡೆಯುವ ತಗಡು. ಬೆಂಗಳೂರಿನ ಹುಡುಗರು ಚೆನ್ನೈ ಬಳಿಯ ಟ್ರ್ಯಾಕಿನಲ್ಲಿ ಓಡಿಸುವ ಎಲ್‌ಜಿಬಿ ಫಾರ್ಮುಲಾ ಕಾರುಗಳ ಹಿಂದಿರುವುದೂ ಇದೇ ಯೋಚನೆ.

ಆದರೂ ದುಡ್ಡು ಸಂದಿಗೊಂದಿಯಲ್ಲಿ ನುಸುಳುತ್ತದೆ. ಲಕ್ಷಗಟ್ಟಲೆ ರೂಪಾಯಿ ಸುರಿದು ನಿಯಮದ ಅಂಚಿನವರೆಗೆ ತಿದ್ದಿ ತೀಡಿದ ಎಂಜಿನ್ ಕೊಳ್ಳುವವರಿದ್ದಾರೆ. 2014ರಲ್ಲಿ ಕ್ಯಾಲಿಫೋರ್ನಿಯಾದ ಲಗುನಾ ಸೆಕಾದಲ್ಲಿ ನಡೆದ ರಾಷ್ಟ್ರೀಯ ಫೈನಲ್ಲಿನಲ್ಲಿ, ಎಂಜಿನ್ ಹೆಡ್ಡಿನೊಳಗೆ ನಿಯಮಕ್ಕೆ ಹೊರತಾಗಿ ಲೋಹ ಕೆತ್ತಲಾಗಿದೆಯೆಂದು ಮುಂಚೂಣಿಯ ಹಲವರ ಕಾರುಗಳು ಅನರ್ಹವಾದವು. ಕಾರು ಸಮನಾದಷ್ಟೂ ಚೂರುಪಾರು ವ್ಯತ್ಯಾಸಕ್ಕೂ ಬೆಲೆ ಏರುತ್ತದೆ. ಲೆಕ್ಕ ಹಾಕಿ ನೋಡಿ: ಏಳು ತಿರುವುಗಳಲ್ಲಿ ತಲಾ ಸೆಕೆಂಡಿನ ಹತ್ತನೇ ಒಂದು ಭಾಗ ಉಳಿಸಿದರೆ ಇಪ್ಪತ್ತು ಸುತ್ತಿಗೆ 14 ಸೆಕೆಂಡ್. ಯಾವ ಎಂಜಿನ್ ಅಂಗಡಿಯೂ ಅಷ್ಟನ್ನು ಮಾರುವುದಿಲ್ಲ.

ಅಂದಿನ ಸ್ಪೆಕ್ ಮಿಯಾಟಾ ರೇಸಿಗೆ ನಾನು ದಿಬ್ಬದಿಂದ ವೆಸ್ಟ್ ಬೆಂಡಿನ ಕಡೆಗೆ ಸರಿದೆ, ಬ್ರೇಕ್ ದೀಪ ನೋಡಲೆಂದೇ. ಮುಂದಿನ ನಾಲ್ಕೈದು ಕಾರುಗಳದ್ದು ಮಿಣುಕ್ ಎಂದು ಆರಿಹೋಗುತ್ತಿತ್ತು. ಮಧ್ಯದ ಕಾರುಗಳದ್ದು ಹತ್ತಿ ಒಂದಿಷ್ಟು ಹೊತ್ತು ಉರಿಯುತ್ತಿತ್ತು. ಟೈರು ನೆಲಕ್ಕೆ ತಾಗುವುದು ಅಂಗೈಯಗಲ. ಬ್ರೇಕಿಗೂ ತಿರುಗುವುದಕ್ಕೂ ಇರುವುದು ಅಷ್ಟೇ ಹಿಡಿತ, ಒಂದಕ್ಕೆ ಕೊಟ್ಟದ್ದನ್ನು ಇನ್ನೊಂದರಿಂದ ಕಳೆಯಬೇಕು. ಪಳಗಿದವರು ಸ್ಟೀರಿಂಗ್ ತಿರುಗಿಸುತ್ತ ತಿರುಗಿಸುತ್ತ ಬ್ರೇಕನ್ನು ಒಂದೊಂದೇ ಎಳೆಯಾಗಿ ಬಿಡುತ್ತಾರೆ. ಹೊಸಬರು ಒಮ್ಮೆಲೇ ಬಿಡುತ್ತಾರೆ, ಕಾರಿನ ಮೂಗು ಎದ್ದುನಿಲ್ಲುತ್ತದೆ. ಕೈಗಳಲ್ಲೂ ಗೊತ್ತಾಗುತ್ತದೆ. ಎರಡನೆಯ ಸ್ಥಾನದಲ್ಲಿದ್ದ ನೀಲಿ ಕಾರಿನ ಚಾಲಕನ ಕೈ ಸ್ಟೀರಿಂಗ್ ಮೇಲೆ ಒಮ್ಮೆ ಹೊರಳಿ ಅಲ್ಲೇ ನಿಲ್ಲುತ್ತಿತ್ತು. ಏಳೆಂಟನೆಯವನ ಕೈ ಗರಗಸ ಎಳೆದಂತೆ ಹಿಂದೆಮುಂದೆ.

ನೀಲಿ ಕಾರು ಒಬ್ಬ ಮೆಕ್ಯಾನಿಕ್ಕಿನದು; 1.6 ಲೀಟರಿನ ಹಳೆಯದು. ಅದರ ಮುಂದಿದ್ದ ಬಿಳಿ ಕಾರು 1.8ರದು, ಬಾಡಿಗೆಯ ಸಿಬ್ಬಂದಿಯೊಡನೆ ದೊಡ್ಡ ಮುಚ್ಚಿದ ಟ್ರೇಲರಿನಲ್ಲಿ ಬಂದದ್ದು. ನೀಲಿ ಪ್ರತಿ ತಿರುವಿನಲ್ಲೂ ಅದರ ಬೆನ್ನಿಗೆ ಅಂಟಿತು, ಎರಡು ಸಲ ಬಿಗ್ ಬೆಂಡಿನಲ್ಲಿ ಪಕ್ಕಕ್ಕೂ ಬಂತು. ಗೆದ್ದದ್ದು ಬಿಳಿಯೇ, ಒಂದು ಕಾರಿನುದ್ದದಷ್ಟು ಅಂತರದಲ್ಲಿ. ಬಿಳಿಯ ಚಾಲಕನೂ ಒಳ್ಳೆಯವನೇ, ಅದನ್ನು ಹೇಳಲೇಬೇಕು. ನನ್ನ ಗೆಳೆಯ ಹನ್ನೊಂದನೆಯವ.

ರೇಸ್ ಮುಗಿದ ಮೇಲೂ ಕೊನೆಯ ಗಂಟೆಯನ್ನು ಅಭ್ಯಾಸಕ್ಕೆ ಬಿಟ್ಟಿದ್ದರು. ಈ ಟ್ರ್ಯಾಕಿನ ಗಾಳಿಯಲ್ಲೇ ಒಂದು ಧಾರಾಳತನವಿದೆ. ನಟ ಪಾಲ್ ನ್ಯೂಮನ್ ನಲವತ್ತು ದಾಟಿದ ಮೇಲೆ ರೇಸಿಗಿಳಿದು, ಅಮೆಚೂರ್ ರಾಷ್ಟ್ರೀಯ ಪ್ರಶಸ್ತಿಯನ್ನು ನಾಲ್ಕು ಸಲ ಗೆದ್ದವರು, 1979ರಲ್ಲಿ ಲಮಾನ್ 24 ಗಂಟೆಯ ರೇಸಿನಲ್ಲಿ ಎರಡನೆಯ ಸ್ಥಾನ ಪಡೆದ ತಂಡದಲ್ಲಿದ್ದವರು, ವರ್ಷಾನುಗಟ್ಟಲೆ ಸುತ್ತು ಹಾಕಿದ್ದು ಇಲ್ಲೇ. ಕೂತು ಓಡಿಸಿದಷ್ಟೂ ಬರುತ್ತದೆ ಎಂಬ ನಂಬಿಕೆ ಇಲ್ಲಿ ಎಲ್ಲರಿಗೂ ಇದೆ, ಬಲ್ಲವರು ಕೇಳಿದವರಿಗೆ ಹೇಳಿಕೊಡುತ್ತಾರೆ. ನೀಲಿ ಕಾರಿನ ಮೆಕ್ಯಾನಿಕ್ಕು ಗೆಳೆಯನ ಲ್ಯಾಪ್‌ಟಾಪಿನಲ್ಲಿ ಸುತ್ತುಗಳ ವೇಗದ ಗೀರು ನೋಡಿ ಡೌನ್‌ಹಿಲ್ಲಿನ ಮೇಲೆ ಬೆರಳಿಟ್ಟ. ಪ್ರತಿ ಸುತ್ತಿನಲ್ಲೂ ಅಲ್ಲೊಂದು ಕುಳಿ. ಕಾಲೆತ್ತಿದ ಗುರುತು.

“ನಿನ್ನ ಕಾರು ಕೊಡು, ನಾಲ್ಕು ಸುತ್ತು ನೋಡ್ತೇನೆ.”

ಅದೇ ಕಾರು, ಅದೇ ಸವೆದ ಟೈರು. ಗೆಳೆಯನ ಆ ದಿನದ ಅತಿ ವೇಗದ ಸುತ್ತಿಗಿಂತ ಒಂದು ಸೆಕೆಂಡಿಗೂ ಹೆಚ್ಚು ಬೇಗ. ಗೆಳೆಯ ಬೇಲಿ ಹಿಡಿದು ನಿಂತಿದ್ದ, ಮುಖದಲ್ಲಿ ಬೇಸರಕ್ಕಿಂತ ಬೆರಗು. ಆದರೆ ಹೆಲ್ಮೆಟ್ ತೆಗೆಯುತ್ತಲೇ ಮೆಕ್ಯಾನಿಕ್ಕು ಹೇಳಿದ್ದು ಬೇರೆಯೇ. “ನಿನ್ನ ಹಿಂದಿನ ಎಡಚಕ್ರದ ಟೋ ಸರಿಯಿಲ್ಲ. ಹೊರಕ್ಕೆ ತಿರುಗಿದೆ. ನೀನು ಹೆದರುವುದು ಸುಮ್ಮನೆ ಅಲ್ಲ.”

ನಾನು ಆ ಹೊತ್ತಿಗೆ ನೆನೆದದ್ದು ಮಾರ್ಕ್ ಡಾನಹ್ಯೂನನ್ನು. ಬ್ರೌನ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದಿ, ಅಮೆಚೂರ್ ಸ್ಪೋರ್ಟ್ಸ್ ಕಾರ್ ರೇಸುಗಳಿಂದ ಮೇಲೆ ಬಂದು, 1972ರಲ್ಲಿ ಇಂಡಿಯಾನಾಪೊಲಿಸ್ ಗೆದ್ದವನು. ಬೇರೆಯವರು ಕಾರಿನೊಡನೆ ಗುದ್ದಾಡುವಲ್ಲಿ ಅವನು ಪರೀಕ್ಷೆಯ ಮೇಲೆ ಪರೀಕ್ಷೆ ಮಾಡಿ ಕಾರನ್ನೇ ತಿದ್ದುತ್ತಿದ್ದ. ಸೊಂಟದ ಕೆಳಗೆ ಕಾರು ಏನು ಮಾಡುತ್ತಿದೆಯೆಂದು ಗುರುತಿಸಿ ಮಾತಿನಲ್ಲಿ ಹೇಳಬಲ್ಲವನೇ ಪೂರ್ಣ ಚಾಲಕ, ಉಳಿದದ್ದೆಲ್ಲ ಧೈರ್ಯ. ನಾಲ್ಕು ಸುತ್ತಿನಲ್ಲಿ ಆ ಮೆಕ್ಯಾನಿಕ್ಕು ಕಾರಿನ ಊನವನ್ನು ಕಂಡುಹಿಡಿದ, ಅದನ್ನು ಸಂಭಾಳಿಸಿಕೊಂಡೂ ವೇಗವಾಗಿ ಓಡಿಸಿದ. ಆ ಒಂದು ಸೆಕೆಂಡಿನಲ್ಲಿ ಚಾಲಕನ ಪಾಲೆಷ್ಟು, ಕಾರಿನ ಪಾಲೆಷ್ಟು ಎಂದು ನನಗಂತೂ ಬಿಡಿಸಿ ನೋಡಲಾಗಲಿಲ್ಲ.

ಕಾರಿನ ಎರಡೂ ಬದಿಗೆ ದಾರ ಬಿಗಿದು ಅಳೆದರು. ಬಲಗಡೆ ಸರಿಯಿತ್ತು. ಎಡಗಡೆ ಚಕ್ರದ ಮುಂಭಾಗ ಮೂರು ಮಿಲಿಮೀಟರು ಹೊರಗಿತ್ತು. ಬಲಕ್ಕೇ ತಿರುಗುವ ಈ ಟ್ರ್ಯಾಕಿನಲ್ಲಿ ಎಲ್ಲ ಭಾರ ಹೊರುವ ಚಕ್ರವೇ ಅದು. ಗೆಳೆಯ ಕಾರಿನಡಿ ನುಗ್ಗಿ ಬೋಲ್ಟ್ ಸಡಿಲಿಸುತ್ತ ಅಲ್ಲಿಂದಲೇ ಕೇಳಿದ: ಇನ್ನು ಕಾಲೆತ್ತದೆ ಹೋಗಬಹುದಲ್ಲ?

“ಎತ್ತುತ್ತೀಯ,” ಎಂದ ಮೆಕ್ಯಾನಿಕ್ಕು, ದಾರ ಸುತ್ತಿಕೊಳ್ಳುತ್ತ. “ಟೋ ಸರಿಹೋಗಿದ್ದು ನಿನ್ನ ಕಾಲಿಗೆ ತಿಳಿಯಲು ಇನ್ನೂ ಬಹಳ ಸುತ್ತು ಬೇಕು. ಬಿಗಿ ಮಾಡು, ಕತ್ತಲಾಗುವ ಮೊದಲು ಮತ್ತೊಮ್ಮೆ ಅಳೆಯೋಣ.”